ಹನ್ನೊಂದನೇ ಮಂಚದ ಹಳೇ ಸುದ್ದಿ

ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಬೋರ್ಡಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಂಥವಳನ್ನು ಹಣೆಬರಹ ತಂದು ಕೂರಿಸಿದ್ದು ಎಲ್ಲಿ ಅಂದರೆ ಹೆರಿಗೆ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ. ಅಲ್ಲಿಗೆ ಬರುವವರ ಹತ್ತಿರ ಇರುವುದೇ ಒಂದು ಪ್ರಶ್ನೆ, "ಆಯ್ತಾ?" ಇನ್ನೂ ಇಲ್ಲ ಅಂದರೆ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ, ಬೆಂಚು ಬೆಚ್ಚಗಾಗುವ ಮುಂಚೆ ಎದ್ದು ಬಂದು ಮತ್ತೆ "ಆಯ್ತಾ?" ಗಂಡ ಕೇಳಿ ಹೋದ ಮೇಲೆ ಗಂಡನ ತಾಯಿ, ಆಮೇಲೆ ಚಿಕ್ಕಪ್ಪ, ಚಿಕ್ಕಪ್ಪನ ಬೆನ್ನಿಗೆ ಬಸುರಿ ಯಾರೆಂದೇ ಸರಿಯಾಗಿ ಗೊತ್ತಿಲ್ಲದ ಪಕ್ಕದ ಮನೆಯವರು. ಎಲ್ಲರಿಗೂ ಉತ್ತರ ಬೇಕು, ಅದೂ ಆಗ ತಾನೇ ತಂದದ್ದು ಬೇಕು.

ಉತ್ತರ ಇದ್ದದ್ದು ಎರಡನೇ ಮಹಡಿಯ ಹೆರಿಗೆ ವಾರ್ಡಿನಲ್ಲಿ. ಲಿಫ್ಟು ಸ್ಟ್ರೆಚರಿಗೆ ಮಾತ್ರ, ಮಿಕ್ಕವರಿಗೆ ಅರವತ್ತನಾಲ್ಕು ಮೆಟ್ಟಿಲು. ಇಪ್ಪತ್ತೇಳನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಅವಳು ಪ್ರತಿ ಪ್ರಶ್ನೆಗೂ ಒಂದೊಂದು ಸಲ ಹತ್ತಿ ಇಳಿದಳು. ಮೂರು ತಿಂಗಳಲ್ಲಿ ಎರಡು ಜೊತೆ ಚಪ್ಪಲಿ ಸವೆದವು, ಮಂಡಿ ಲಟಲಟ ಅನ್ನತೊಡಗಿತು. ನಾಲ್ಕನೇ ತಿಂಗಳು ಉಗ್ರಾಣದಲ್ಲಿ ಮೂಲೆ ಮುರಿದು ಬಿದ್ದಿದ್ದ ಒಂದು ಕರಿಹಲಗೆಯನ್ನು ಎತ್ತಿಕೊಂಡು ಬಂದು ಕೌಂಟರಿನ ಪಕ್ಕ ನಿಲ್ಲಿಸಿದಳು. ಅದರ ಮೇಲೆ ಒಂದರಿಂದ ಇಪ್ಪತ್ತನಾಲ್ಕರವರೆಗೆ ಮಂಚದ ನಂಬರು. ಕಾಲು ಗಂಟೆಗೊಮ್ಮೆ ಮೇಲೆ ಹೋಗಿ ಎಲ್ಲ ಮಂಚಗಳ ಸುದ್ದಿಯನ್ನೂ ಒಟ್ಟಿಗೆ ತಂದು ಬರೆಯುವುದು, ಆಮೇಲೆ ಯಾರು ಎಷ್ಟು ಸಲ ಕೇಳಿದರೂ ಹಲಗೆ ನೋಡಿ ಹೇಳುವುದು. ಹೋಗುವುದು ಒಂದು ಸಲ, ಹೇಳುವುದು ನೂರು ಸಲ. ಅವತ್ತಿನಿಂದ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಬೋರ್ಡಕ್ಕ.

ಹದಿನೆಂಟು ವರ್ಷ ಹೀಗೇ ನಡೆಯಿತು. ಆ ಊರಿನ ಶಾಲೆಗಳಲ್ಲಿ ಕೂತಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲು ಹುಟ್ಟಿದ ಸುದ್ದಿ ಹೊರಗೆ ಬಂದದ್ದು ಅವಳ ಬಾಯಿಂದಲೇ. ಆಮೇಲೆ ಆಸ್ಪತ್ರೆಗೆ ಕಂಪ್ಯೂಟರು ಬಂತು. ಹೆರಿಗೆ ವಾರ್ಡಿನಲ್ಲಿ ನರ್ಸುಗಳು ದಾಖಲೆಯನ್ನು ಅದರಲ್ಲೇ ಬರೆಯತೊಡಗಿದರು. ಮನೆಯವರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸುದ್ದಿ ನೋಡುವಂತೆ ಒಂದು ಪುಟ ಮಾಡಿಸಬೇಕು, ಯಾರಿಗೆ ಕೊಡೋಣ ಎಂದು ದೊಡ್ಡ ಡಾಕ್ಟರು ಸಭೆಯಲ್ಲಿ ಕೇಳಿದಾಗ ಬೋರ್ಡಕ್ಕ ಕೈ ಎತ್ತಿದಳು. "ಏನು ಕೇಳ್ತಾರೆ ಅಂತ ನನಗೆ ಗೊತ್ತು. ಬರೆಯೋದು ಹೇಗೆ ಅಂತ ಕಲೀತೀನಿ," ಅಂದಳು. ಆಗ ಅವಳಿಗೆ ನಲವತ್ತೈದು.

ಸಂಜೆ ತರಗತಿಯಲ್ಲಿ ಮಿಕ್ಕವರೆಲ್ಲ ಅವಳ ಮಗಳ ವಯಸ್ಸಿನವರು. ಮೇಷ್ಟ್ರೂ ಹೆಚ್ಚುಕಡಿಮೆ ಅದೇ ಪೈಕಿ. ಒಂದು ದಿನ ಅವರು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನ ಗುಣ ವರ್ಣಿಸುತ್ತಿದ್ದರು. ಯಾರೋ ಎಲ್ಲೋ ಮೊಬೈಲಿನಲ್ಲಿ ಒಂದು ಪುಟ ಬೇಕೆಂದು ಒತ್ತುತ್ತಾರೆ. ಸರ್ವರಿನಲ್ಲಿ ನಮ್ಮ ಪ್ರೋಗ್ರಾಮು ಎದ್ದು, ಬೇಕಾದ್ದನ್ನು ಹುಡುಕಿ, ಉತ್ತರ ಕೊಟ್ಟು, ಅಲ್ಲಿಗೆ ಎಲ್ಲವನ್ನೂ ಮರೆತುಬಿಡುತ್ತದೆ. ಮರುಕ್ಷಣ ಇನ್ನೊಬ್ಬರು ಅದನ್ನೇ ಕೇಳಿದರೆ ಮತ್ತೆ ಮೊದಲಿಂದ ಹುಡುಕಾಟ. ವೇರಿಯೇಬಲ್ ಎಂಬ ಹೆಸರಿಟ್ಟ ಡಬ್ಬಿಯಲ್ಲಿ ಏನು ತುಂಬಿಟ್ಟಿದ್ದರೂ ಉತ್ತರ ಕೊಟ್ಟೊಡನೆ ಡಬ್ಬಿ ಖಾಲಿ.

ಹಿಂದಿನ ಬೆಂಚಿನಿಂದ ಬೋರ್ಡಕ್ಕ ಜೋರಾಗಿ ನಕ್ಕಳು. "ಮೇಷ್ಟ್ರೇ, ಇದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ. ಇದಕ್ಕೆ ಒಂದು ಬೋರ್ಡ್ ಕೊಡೋಕೆ ಆಗಲ್ವಾ?"

ಆಗುತ್ತದೆ, ಒಂದು ಕೇಳಿಕೆಗೂ ಇನ್ನೊಂದಕ್ಕೂ ನಡುವೆ ಖಾಲಿಯಾಗದ ಜಾಗವೊಂದು ಸರ್ವರಿನಲ್ಲೇ ಇರುತ್ತದೆ, ಡಬ್ಬಿಯನ್ನು ಅಲ್ಲಿ ಇಡಬಹುದು, ಅದಕ್ಕೆ ಕ್ಯಾಶ್ ಅಂತಾರೆ, ಆದರೆ ಅದು ಮುಂದಿನ ಪಾಠ ಅಂದರು ಮೇಷ್ಟ್ರು. ಮುಂದಿನ ಪಾಠದ ದಿನ ಆಸ್ಪತ್ರೆಯಲ್ಲಿ ಒಂದೇ ಸಮನೆ ಐದು ಹೆರಿಗೆ, ಬೋರ್ಡಕ್ಕನಿಗೆ ಹೋಗಲಾಗಲಿಲ್ಲ. ಡಬ್ಬಿ ಎಲ್ಲಿಡುವುದೆಂದು ಪುಸ್ತಕ ನೋಡಿ ಕಲಿತಳು. ಅದನ್ನು ಯಾವಾಗ ಖಾಲಿ ಮಾಡಬೇಕು ಎಂಬುದು ಅದೇ ಪುಸ್ತಕದ ಮುಂದಿನ ಪುಟದಲ್ಲಿತ್ತು.

ಹಲಗೆಯ ಚಾಳಿ ಮನೆಗೂ ಅಂಟಿತ್ತು, ಅದನ್ನು ಇಲ್ಲೇ ಹೇಳಿಬಿಡಬೇಕು. ಯಾರು ಏನು ಕೇಳಿದರೂ ಅವಳ ಹತ್ತಿರ ಉತ್ತರ ತಯಾರು. ಅದರಲ್ಲೂ ಮಗಳ ವಿಷಯ ಎತ್ತಿದರೆ ಮುಗಿಯಿತು. "ಅವಳಾ? ಮಹಾ ಪುಕ್ಕಲಿ ಕಣ್ರೀ." ಆ ಉತ್ತರವನ್ನು ಬರೆದದ್ದು ಮಗಳಿಗೆ ಆರು ವರ್ಷವಾಗಿದ್ದಾಗ. ಆ ವರ್ಷ ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡಿದ್ದ. ಮಗು ಗುಡುಗಿದರೆ ಮಂಚದ ಕೆಳಗೆ ತೂರುತ್ತಿತ್ತು, ಪಾರ್ಕಿನ ಜಾರುಬಂಡೆಗೆ ಮೂರು ಮೆಟ್ಟಿಲು ಹತ್ತಿ ಅಳುತ್ತಾ ಇಳಿಯುತ್ತಿತ್ತು, ಅಮ್ಮನ ಕಿರುಬೆರಳು ಹಿಡಿಯದೆ ಮಲಗುತ್ತಿರಲಿಲ್ಲ. ಅವತ್ತಿಗೆ ಆ ಉತ್ತರ ಅಪ್ಪಟ ಸತ್ಯ.

ಅದೇ ಮಗಳು ಬೆಳೆದು ಕಟ್ಟಡ ಕಟ್ಟುವ ಕಡೆ ಕ್ರೇನ್ ನಡೆಸುವ ಕೆಲಸಕ್ಕೆ ಸೇರಿದಳು. ನಲವತ್ತು ಮೀಟರ್ ಎತ್ತರದಲ್ಲಿ, ಗಾಜಿನ ಗೂಡಿನೊಳಗೆ ದಿನವಿಡೀ ಒಬ್ಬಳೇ. ಕೆಳಗಿನಿಂದ ನೋಡಿದವರಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು. ಬೋರ್ಡಕ್ಕ ಮಾತ್ರ ಸೋಲಲಿಲ್ಲ. "ಅಲ್ಲಿ ಕೂತ್ಕೊಂಡು ಕೆಳಗೆ ನೋಡೋದೇ ಇಲ್ಲ ಅನ್ಸತ್ತೆ ರೀ. ಚಿಕ್ಕಂದಿನಿಂದ ಪುಕ್ಕಲಿ."

ಮಗಳು ಬ್ರೆಡ್ಡು ಸುಡುವ ಬೇಕರಿಯವನನ್ನು ಮದುವೆಯಾದಳು, ಬಸುರಿಯಾದಳು. ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬೇಕರಿಯವನ ತಾಯಿ ಬೋರ್ಡಕ್ಕನ ಮನೆಗೆ ಚಹಾಕ್ಕೆ ಬಂದವರು ಸೊಸೆಯ ಕಡೆ ತಿರುಗಿ, "ಹೆರಿಗೆ ಅಂದ್ರೆ ಹೆದರಿಕೆಯೇನಮ್ಮ?" ಎಂದು ಕೇಳಿದರು. ಸೊಸೆ ಬಾಯಿ ತೆರೆಯುವುದರೊಳಗೆ ಬೋರ್ಡಕ್ಕ ಶುರುಮಾಡಿದ್ದಳು. "ಅಯ್ಯೋ, ಒಂದು ಇಂಜೆಕ್ಷನ್‌ಗೆ ನಾಲ್ಕು ಜನ ಹಿಡ್ಕೋಬೇಕು ಇವಳನ್ನ. ಆ ಹೊತ್ತಿಗೆ ನಾನೇ ಪಕ್ಕದಲ್ಲಿರ್ತೀನಿ ಬಿಡಿ. ಇಲ್ದಿದ್ರೆ ಎದ್ದು ಓಡಿಹೋಗ್ತಾಳೆ."

ಮಗಳು ಲೋಟ ಕೆಳಗಿಟ್ಟಳು. "ಅಮ್ಮ, ಅವರು ಕೇಳಿದ್ದು ನನ್ನನ್ನ. ನೀನು ಹೇಳ್ತಿರೋದು ಆರು ವರ್ಷದ ಹುಡುಗಿ ವಿಷಯ." ಕಡ್ಡಿ ಮುರಿದಂತೆ ಇನ್ನೊಂದು ಮಾತೂ ಹೇಳಿದಳು. "ಮಗು ಆದ್ಮೇಲೆ ಹೇಳಿ ಕಳಿಸ್ತೀನಿ. ಅಲ್ಲಿವರೆಗೂ ನೀನು ಬರೋದು ಬೇಡ."

ನಾಲ್ಕು ತಿಂಗಳಾಯಿತು. ಹೋಗಲಿಲ್ಲ, ಬರಲಿಲ್ಲ. ಊರಿಗೆಲ್ಲ ಮಗು ಹುಟ್ಟಿದ ಸುದ್ದಿ ಹೇಳುವವಳಿಗೆ ತನ್ನ ಮೊಮ್ಮಗುವಿನ ಸುದ್ದಿ ಯಾವಾಗ ಬರುತ್ತದೋ ಗೊತ್ತಿರಲಿಲ್ಲ. ಮಗಳು ತನ್ನನ್ನು ಹತ್ತಿರ ಸೇರಿಸದೆ ಹೆತ್ತುಬಿಟ್ಟರೆ ಎಂಬ ಒಂದೇ ಚಿಂತೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೊಟ್ಟೆಯಲ್ಲಿದ್ದ ಸಂಕಟವನ್ನೆಲ್ಲ ಕೆಲಸದ ಮೇಲೆ ತೀರಿಸಿಕೊಂಡಳು.

ಅಷ್ಟೊತ್ತಿಗೆ ಕೆಲಸವೂ ಕುತ್ತಿಗೆಗೆ ಬಂದಿತ್ತು. ಏಳೆಂಟು ವರ್ಷದಿಂದ ಅವಳ ಪುಟ ಕುಂಟುತ್ತಲಾದರೂ ನಡೆದಿತ್ತು. ಆದರೆ ಈಗ ಮನೆಗೊಂದಿದ್ದ ಮೊಬೈಲು ಕೈಗೊಂದಾಗಿತ್ತು. ಒಂದು ಹೆರಿಗೆಗೆ ಹತ್ತು ಹನ್ನೊಂದು ಜನ ನೆಂಟರು, ಒಬ್ಬೊಬ್ಬರೂ ನಿಮಿಷಕ್ಕೊಂದು ಸಲ ಒತ್ತುವವರು. ಒತ್ತಿದಾಗಲೆಲ್ಲ ಪ್ರೋಗ್ರಾಮು ಹೆರಿಗೆ ವಾರ್ಡಿನ ದಾಖಲೆಗೆ ಓಡುತ್ತಿತ್ತು. ಮೇಲೆ ನರ್ಸುಗಳಿಗೆ ತಮ್ಮದೇ ದಾಖಲೆ ತೆರೆಯಲಾಗದೆ ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು. ಒಂದು ದಿನ ಹೆಡ್ ನರ್ಸು ಕೈಗವಸು ಬಿಚ್ಚದೆ ಕೆಳಗಿಳಿದು ಬಂದರು. "ಬೋರ್ಡಕ್ಕ, ನಾನು ಹೆರಿಗೆ ಮಾಡಿಸ್ಲಾ, ನಿಮ್ಮ ಚಕ್ರ ನೋಡ್ತಾ ಕೂತ್ಕೊಳ್ಲಾ?"

ಆಗ ಬೋರ್ಡಕ್ಕ ಇಷ್ಟು ವರ್ಷ ಅಗತ್ಯ ಬೀಳದಿದ್ದ ಆ ಹಳೇ ಪುಸ್ತಕ ತೆಗೆದು, ಡಬ್ಬಿಗಳನ್ನು ಸರ್ವರಿನ ಮರೆಯದ ಜಾಗಕ್ಕೆ ಸಾಗಿಸಿದಳು. ಇಪ್ಪತ್ತನಾಲ್ಕು ಮಂಚಕ್ಕೆ ಇಪ್ಪತ್ತನಾಲ್ಕು ಡಬ್ಬಿ. ಆ ಆಸ್ಪತ್ರೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಒಂಬತ್ತಕ್ಕೆ ನೋವು ಶುರುವಾಯ್ತು, ಹದಿಮೂರಕ್ಕೆ ಹಸಿವಂತೆ, ಎಲ್ಲ ಹೀಗೇ. ಮನೆಯವರಿಗೆ ಕೊಡುವ ಚೀಟಿಯಲ್ಲೂ ಮಂಚದ ನಂಬರೇ. ಮೊದಲು ಯಾರೋ ಕೇಳಿದಾಗ ಪ್ರೋಗ್ರಾಮು ಒಮ್ಮೆ ವಾರ್ಡಿನ ದಾಖಲೆ ನೋಡಿ ಉತ್ತರವನ್ನು ಆ ಮಂಚದ ಡಬ್ಬಿಯಲ್ಲಿ ಇಡುತ್ತದೆ, ಮಿಕ್ಕವರಿಗೆಲ್ಲ ಡಬ್ಬಿಯಿಂದಲೇ ತೆಗೆದು ಕೊಡುತ್ತದೆ. ತಾನು ಹದಿನೆಂಟು ವರ್ಷ ಮಾಡಿದ ಕೆಲಸವನ್ನು ನೆನಪಿಸಿಕೊಂಡು ಹಾಳೆಯ ಮೇಲೆ ಏಳು ನಿಯಮ ಬರೆದಳು. 'ಇನ್ನೂ ಆಗಿಲ್ಲ' ಎಂಬ ಉತ್ತರ ಹತ್ತು ನಿಮಿಷಕ್ಕೆ ಹಳಸುತ್ತದೆ, ಆಮೇಲೆ ಹೊಸದಾಗಿ ಹೋಗಿ ನೋಡಬೇಕು. ಹುಟ್ಟಿದ ಮೇಲೆ ಮಾತ್ರ ಮತ್ತೆ ನೋಡುವ ಅಗತ್ಯವಿಲ್ಲ, ಹುಟ್ಟಿದ್ದು ಹುಟ್ಟಿದ್ದೇ, ಇನ್ನೇನು ಬದಲಾಗುತ್ತದೆ. ಏಳನೇ ನಿಯಮ ಅದು. ಅದರ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಳು.

ಸೋಮವಾರ ಹೊಸ ಪುಟ ಶುರುವಾಯಿತು. ಒತ್ತಿದ ಬೆರಳು ಎತ್ತುವುದರೊಳಗೆ ಉತ್ತರ. ಹೆಡ್ ನರ್ಸು ಮೇಲಿನಿಂದ ಫೋನ್ ಮಾಡಿ ಹೊಗಳಿದರು, ದೊಡ್ಡ ಡಾಕ್ಟರು ಕೌಂಟರಿನ ಮುಂದೆ ಹಾದುಹೋಗುವಾಗ ತಲೆಯಾಡಿಸಿದರು. ಬೋರ್ಡಕ್ಕ ಅವತ್ತು ಮನೆಗೆ ಹಾಡು ಗುನುಗುತ್ತಾ ಹೋದಳು. ಮಂಗಳವಾರ ಬೆಳಿಗ್ಗೆ ಏಳು ಬಾಣಂತಿಯರು ಮಗು ಎತ್ತಿಕೊಂಡು ಮನೆಗೆ ಹೋದರು, ಅವರ ಏಳು ಮಂಚಗಳಿಗೆ ಏಳು ಬಸುರಿಯರು ಬಂದರು.

ಹತ್ತೂವರೆಗೆ ಕೌಂಟರಿನ ಮುಂದೆ ಒಬ್ಬ ನಿವೃತ್ತ ರೈಲ್ವೆ ಗಾರ್ಡು ಬಂದು ನಿಂತರು. ಉದ್ಯೋಗ ಬಿಟ್ಟರೂ ಧ್ವನಿ ಬಿಟ್ಟಿರಲಿಲ್ಲ. "ನಾಲ್ಕನೇ ಮಂಚ ನನ್ನ ಸೊಸೆ. ನಿಮ್ಮ ಕಂಪ್ಯೂಟರ್ ಎಂಟೂವರೆಗೆ ಹೆಣ್ಣು ಮಗು ಅಂತು. ನಿಮ್ಮ ನರ್ಸಮ್ಮ ಈಗ ಗಂಡು ತಂದು ತೋರಿಸ್ತಿದಾರೆ. ಮನೇಲಿ ಆಗ್ಲೇ ನಾಲ್ಕು ಗಂಡು ಮೊಮ್ಮಕ್ಕಳು, ಒಂದು ಕುರ್ಚಿಗೂ ನೆಟ್ಟಗೆ ಕಾಲಿಲ್ಲ. ನನಗೆ ಕಂಪ್ಯೂಟರ್ ಹೇಳಿದ್ದನ್ನೇ ಕೊಡಿ."

ಬೆಂಚಿನ ಮೇಲಿದ್ದವರು ನಕ್ಕರು. ಆದರೆ ನಗುವಿನ ಹಿಂದೆಯೇ ಯಾರೋ "ಹಾಗಾದ್ರೆ ಮಗು ಬದಲಾಯ್ತಾ?" ಅಂದರು. ಆ ಮಾತು ಬೆಂಚಿನಿಂದ ಬೆಂಚಿಗೆ ಹೋಗಿ, ಬಾಗಿಲ ತನಕ ತಲುಪಿತು. ಬೋರ್ಡಕ್ಕ ಪುಟ ತೆರೆದು ನೋಡಿದಳು. ಆಗ ತಾನೇ ಬಂದು, ಇನ್ನೂ ಚಪ್ಪಲಿ ಬಿಡದ ಬಸುರಿಯರಿಗೂ ಅವಳ ಪುಟ ಹೆರಿಗೆ ಮಾಡಿಸಿಬಿಟ್ಟಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಅಂಥ ಪ್ರೋಗ್ರಾಮು ಬರೆದಿದ್ದೇನಲ್ಲ ಎಂದು ಹಣೆ ಚಚ್ಚಿಕೊಂಡಳು.

ಗಾರ್ಡಿನ ಹಿಂದೆ ನಿಂತಿದ್ದವನೊಬ್ಬ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಗೋಡೆಯ ಕಡೆ ನೋಡುತ್ತಿದ್ದ. ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ, ಮೊಣಕೈ ತುಂಬ ಹಿಟ್ಟು. ಹಿಟ್ಟು ನೋಡಿಯೇ ಬೋರ್ಡಕ್ಕನಿಗೆ ಗುರುತು ಸಿಕ್ಕಿತು.

"ಅತ್ತೆ, ನಾನು ನಿಮ್ಮ ಅಳಿಯ ಅಲ್ಲ ಅಂದ್ಕೊಳ್ಳಿ," ಅಂದ ಅವನು, ಗೋಡೆಗೆ ಹೇಳುವವನ ಹಾಗೆ. "ನಾನು ಹನ್ನೊಂದನೇ ಮಂಚದ ಕಡೆಯವನು."

ಬೋರ್ಡಕ್ಕನೂ ಗೋಡೆಯ ಕಡೆ ತಿರುಗಿದಳು. "ಆಯ್ತು. ಹನ್ನೊಂದನೇ ಮಂಚದವರಿಗೆ ಏನಾಗಿದೆ?"

"ಏನೂ ಆಗಿಲ್ಲ, ಅದೇ ತೊಂದ್ರೆ. ಬೆಳಿಗ್ಗೆ ಏಳಕ್ಕೆ ಸೇರಿಸಿ ಬೇಕರಿಗೆ ಹೋದೆ. ಒಂಬತ್ತಕ್ಕೆ ನೋಡಿದ್ರೆ ಗಂಡು ಮಗು, ಮೂರು ಕಿಲೋ ನಾನೂರು ಗ್ರಾಂ, ತಾಯಿ ಮಗು ಕ್ಷೇಮ ಅಂತಿದೆ. ಬೀದಿಗೆಲ್ಲ ಬನ್ ಹಂಚಿದೆ. ಉಳಿದಿದ್ದನ್ನ ವಾರ್ಡಿಗೆ ತಂದ್ರೆ ಇವಳು ಇಷ್ಟು ದಪ್ಪ ಹೊಟ್ಟೆ ಇಟ್ಕೊಂಡು ಕಾರಿಡಾರಲ್ಲಿ ವಾಕಿಂಗ್ ಮಾಡ್ತಿದಾಳೆ. ಯಾರ ಮಗುಗೆ ಬನ್ ಹಂಚಿದ್ರಿ ಅಂತ ಕೇಳ್ತಿದಾಳೆ." ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇವನು ಬನ್ನೇ ಹಂಚಿ ಮುಗಿಸಿದ್ದ. "ಕೆಳಗೆ ಹೋಗಿ ತಪ್ಪಾಗಿದೆ ಅಂತ ಹೇಳಿ, ಹೆಸರು ಮಾತ್ರ ಹೇಳ್ಬೇಡಿ ಅಂತ ಕಳಿಸಿದ್ಲು. ನಾನು ಹೇಳಿಲ್ಲ. ಹೇಳಿದ್ನಾ ಅತ್ತೆ?"

"ಇಲ್ಲ, ನೀವೇನೂ ಹೇಳಿಲ್ಲ," ಅಂದಳು ಬೋರ್ಡಕ್ಕ. ಮಗಳು ತಲೆಯ ಮೇಲೆ ಎರಡೇ ಮಹಡಿ ಆಚೆ ಇದ್ದಾಳೆ, ಇವತ್ತೇ ಹೆರುತ್ತಾಳೆ, ತನಗೆ ತಿಳಿಯದಿರಲಿ ಎಂದೇ ತಾನು ಕೌಂಟರಿಗೆ ಬರುವ ಮುಂಚೆ ಬಂದು ಸೇರಿದ್ದಾಳೆ. ತನ್ನ ಪ್ರೋಗ್ರಾಮು ತಪ್ಪು ಮಾಡದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಸಂತೋಷವೂ ಆಯಿತು, ಅಳುವೂ ಬಂತು, ಎರಡಕ್ಕೂ ಸಮಯವಿರಲಿಲ್ಲ. ದೊಡ್ಡ ಡಾಕ್ಟರು ಕರೆದಿದ್ದರು.

ದೊಡ್ಡ ಡಾಕ್ಟರಮ್ಮ ಮಾತು ಎಣಿಸಿ ಆಡುವವರು. "ಮಗು ಬದಲಾಯ್ತು ಅನ್ನೋ ಮಾತು ಗೇಟ್ ದಾಟಿದ್ರೆ ನಾವು ಬಾಗಿಲು ಹಾಕ್ಬೇಕು. ಪುಟ ನಿಲ್ಸಿ. ಸರಿ ಹೋಗೋವರೆಗೂ ನೀವೇ ಹತ್ತಿ, ಪ್ರತಿಯೊಬ್ಬರನ್ನೂ ಕೇಳಿ, ಬಂದು ಹೇಳಿ." ಬೋರ್ಡಕ್ಕ ಪುಟ ನಿಲ್ಲಿಸಿ, ಚೀಟಿ ಪೆನ್ಸಿಲು ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಐವತ್ತಮೂರರ ಮಂಡಿ ಒಂದೊಂದು ಮೆಟ್ಟಿಲಿಗೂ ಬೈಯಿತು.

ಒಂದು, ಎರಡು, ಮೂರು ಎಂದು ಮಂಚಗಳನ್ನು ಮುಗಿಸುತ್ತಾ ಬಂದಳು. ನಾಲ್ಕರಲ್ಲಿ ಮಗುವಿನ ಕೈಗೆ ಕಟ್ಟಿದ ಪಟ್ಟಿಯನ್ನೂ ತಾಯಿಯ ಪಟ್ಟಿಯನ್ನೂ ತಾನೇ ಹೋಲಿಸಿ ನೋಡಿದಳು, ಎರಡೂ ಒಂದೇ, ಗಂಡೇ. ಹತ್ತು ಮುಗಿಯಿತು. ಹನ್ನೊಂದರ ಸುತ್ತ ಪರದೆ ಎಳೆದಿತ್ತು. ಬೋರ್ಡಕ್ಕನ ಕಾಲು ನಿಂತಿತು. ಬರಬೇಡ ಎಂದವಳು ಒಳಗಿದ್ದಾಳೆ, ಹೋಗು ಎಂದು ಕಳಿಸಿದವರು ಕೆಳಗಿದ್ದಾರೆ.

"ಹನ್ನೊಂದನೇ ಮಂಚದವರೇ," ಅಂದಳು ಕೊನೆಗೆ, "ಒಳಗೆ ಬರಬಹುದಾ?"

ಒಳಗೆ ಮಂಚ ಕಿರ್ರೆಂದಿತು. ಆಮೇಲೆ, "ಬನ್ನಿ."

ಮಗಳು ಮಂಚದ ಅಂಚಿಗೆ ಕೂತು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದಳು. ಕೂದಲನ್ನು ಎತ್ತಿ ಕಟ್ಟಿದ್ದಳು, ಹಣೆಯಲ್ಲಿ ಬೆವರು. "ಅವರು ಹೇಳಿಬಿಟ್ರಾ?"

"ಇಲ್ಲ. ಅವರು ನನ್ನ ಅಳಿಯನೇ ಅಲ್ಲವಂತೆ."

ಮಗಳಿಗೆ ನಗು ಬಂತು, ನಗು ಅರ್ಧದಲ್ಲೇ ನೋವಾಯಿತು. ಕಣ್ಣು ಮುಚ್ಚಿ, ಕಂಬಿ ಬಿಗಿ ಹಿಡಿದು, ಉದ್ದಕ್ಕೆ ಉಸಿರು ಬಿಟ್ಟಳು. ಅಷ್ಟು ಹೊತ್ತೂ ಬೋರ್ಡಕ್ಕನ ನಾಲಿಗೆಯ ತುದಿಯಲ್ಲಿ ಇಪ್ಪತ್ತೊಂದು ವರ್ಷದ ಮಾತುಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ನೋಡಿದ್ಯಾ ನಾನು ಹೇಳಿರ್ಲಿಲ್ವಾ, ನಿನ್ನ ಕೈಲಾಗಲ್ಲ, ನಾನಿಲ್ಲೇ ಇರ್ತೀನಿ. ಬೆಳಿಗ್ಗೆಯಿಂದ ಹಳೇ ಉತ್ತರಗಳ ಪಾಡು ಕಂಡಿದ್ದವಳು ಅವನ್ನೆಲ್ಲ ನುಂಗಿಕೊಂಡಳು.

"ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದಳು. ಕೇಳಿ, ಬಾಯಿ ಮುಚ್ಚಿಕೊಂಡು ಕಾದಳು.

ಮಗಳು ಕಂಬಿಯಿಂದ ಒಂದು ಕೈ ತೆಗೆದು ಹಣೆ ಒರೆಸಿಕೊಂಡಳು. "ಹೂಂ. ಆಗ್ತಿದೆ." ಆಮೇಲೆ ಹೇಳಿದಳು, "ಕ್ರೇನ್ ಹತ್ತೋವಾಗಲೂ ಆಗತ್ತೆ ಅಮ್ಮ. ದಿನಾ ಆಗತ್ತೆ. ಏಣಿ ಮುಗಿಯೋವರೆಗೂ ಕೈ ನಡುಗ್ತಿರತ್ತೆ. ಕೂತ್ಕೊಂಡು ಒಂದು ಸಲ ಕೆಳಗೆ ನೋಡಿದ್ರೆ ಹೋಗತ್ತೆ. ನೋಡ್ದೆ ಇದ್ರೆ ಹೋಗಲ್ಲ. ಯಾರೂ ಕೇಳಿರ್ಲಿಲ್ಲ, ಅದಕ್ಕೆ ಹೇಳಿರ್ಲಿಲ್ಲ."

ಅಂದರೆ ಬೋರ್ಡಕ್ಕನ ಹಳೇ ಉತ್ತರ ಪೂರ್ತಿ ಸುಳ್ಳೇನಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಅವಳು ಇದನ್ನೇ ಹಿಡಿದು ಊರೆಲ್ಲ ಸಾರುತ್ತಿದ್ದಳು. ಅವತ್ತು ಅವಳಿಗೆ ನಾಚಿಕೆಯಾಯಿತು. ಹೆದರಿಕೆಯ ವಿಷಯ ಗೊತ್ತಿತ್ತು, ಹೆದರುತ್ತಲೇ ದಿನಾ ಹತ್ತುವವಳ ವಿಷಯ ಗೊತ್ತಿರಲಿಲ್ಲ. ಹೆತ್ತ ಮಗಳ ಅರ್ಧ ಸುದ್ದಿಯನ್ನೇ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದಳು.

"ಇರ್ಲಾ?" ಎಂದು ಕೇಳಿದಳು.

"ಈಗ ಬೇಡ. ಕೆಳಗೆ ಜನ ಕಾಯ್ತಿದಾರೆ ಅಲ್ವಾ, ಹೋಗು. ಬೇಕು ಅನ್ಸಿದ್ರೆ ಹೇಳಿ ಕಳಿಸ್ತೀನಿ."

ಹೇಳಿ ಕಳಿಸದಿದ್ದರೆ ಎಂಬ ಮಾತು ಗಂಟಲಿಗೆ ಬಂತು. ಅದನ್ನು ಕೇಳದೆ, ಸ್ಟೂಲು ಎಳೆದುಕೊಂಡು ಕೂರದೆ ಎದ್ದು ಬರುವುದು ಬೋರ್ಡಕ್ಕನಿಗೆ ಅರವತ್ತನಾಲ್ಕು ಮೆಟ್ಟಿಲಿಗಿಂತ ಕಷ್ಟವಾಯಿತು. ಪರದೆಯ ಹತ್ತಿರ ನಿಂತು, "ನಿಮ್ಮ ಕಡೆಯವರಿಗೆ ಏನು ಹೇಳ್ಲಿ?" ಅಂದಳು. "ಬನ್ ಚೆನ್ನಾಗಿತ್ತು ಅಂತ ಹೇಳು," ಅಂದಳು ಮಗಳು.

ಕೆಳಗೆ ಬಂದು ಎಲ್ಲರಿಗೂ ಅವರವರ ಸುದ್ದಿ ಮುಟ್ಟಿಸಿ, ಕೌಂಟರಿನ ಹಿಂದಿನ ಕೋಣೆಯಲ್ಲಿ ಏಳು ನಿಯಮಗಳ ಹಾಳೆ ಹಿಡಿದು ಕೂತಳು. ಒಂದೊಂದೂ ಸರಿ. ಹದಿನೆಂಟು ವರ್ಷ ಹಲಗೆಯ ಮುಂದೆ ತಾನು ಮಾಡಿದ್ದೆಲ್ಲ ಅದರಲ್ಲಿತ್ತು. ಹಲಗೆ ಒಮ್ಮೆಯೂ ಇಂಥ ಸುಳ್ಳು ಹೇಳಿರಲಿಲ್ಲ, ಅದನ್ನೇ ಅಕ್ಷರಶಃ ಬರೆದರೆ ಪ್ರೋಗ್ರಾಮು ಯಾಕೆ ಹೇಳಬೇಕು. ಮತ್ತೆರಡು ಸಲ ಮೇಲೆ ಹೋಗಿ ಬಂದಳು, ಹನ್ನೊಂದರ ಪರದೆಯ ಹೊರಗಿನಿಂದಲೇ ನರ್ಸನ್ನು ಕೇಳಿಕೊಂಡು ಬಂದಳು. ಮತ್ತೆ ಹಾಳೆ, ಮತ್ತೆ ಏಳು ನಿಯಮ.

ಎರಡೂವರೆಗೆ ಕೋಣೆಯ ಮುಂದೆ ಲಾಂಡ್ರಿಯವರ ತಳ್ಳುಗಾಡಿ ಗಡಗಡ ಎಂದು ಹಾದುಹೋಯಿತು. ಖಾಲಿಯಾದ ಮಂಚದ ಹಾಸಿಗೆ ಬಟ್ಟೆಯನ್ನು ಗಂಟು ಕಟ್ಟಿ, ಮೇಲೆ ಮಂಚದ ನಂಬರಿನ ಬಿಲ್ಲೆ ಸಿಕ್ಕಿಸಿ ಒಗೆಯಲು ಒಯ್ಯುವ ಗಾಡಿ. ಬಿಲ್ಲೆಯಲ್ಲಿ ಹದಿನೇಳು ಎಂದಿತ್ತು. ಬೋರ್ಡಕ್ಕನ ಬಲಗೈ ತಾನಾಗಿಯೇ ಮೇಲೆದ್ದು, ಅಂಗೈಯ ಬುಡದಿಂದ ಕಂಪ್ಯೂಟರಿನ ಪರದೆಯನ್ನು ಒಮ್ಮೆ ಒರೆಸಿತು. ಅವಳು ಕೈಯನ್ನು ನೋಡಿದಳು. ಗಾಡಿ ಹಾದುಹೋದಾಗಲೆಲ್ಲ ಹಲಗೆಯ ಮೇಲೆ ಆ ನಂಬರಿನ ಮುಂದಿದ್ದ ಸುದ್ದಿಯನ್ನು ಒರೆಸುತ್ತಿದ್ದ ಕೈ ಅದು. ಹದಿನೆಂಟು ವರ್ಷ ಒರೆಸಿತ್ತು. ಅದೂ ಒಂದು ಕೆಲಸವೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ, ಅದಕ್ಕೇ ನಿಯಮ ಬರೆಯುವಾಗ ನೆನಪಾಗಲಿಲ್ಲ. ತಲೆಗೆ ಗೊತ್ತಿದ್ದ ಏಳನ್ನು ಬರೆದಳು, ಕೈಗೆ ಗೊತ್ತಿದ್ದ ಎಂಟನೆಯದನ್ನು ಬಿಟ್ಟಳು.

ಅರ್ಧ ಗಂಟೆಯಲ್ಲಿ ಸರಿಮಾಡಿದಳು. ಡಬ್ಬಿಯ ಮೇಲೆ ಮಂಚದ ನಂಬರು ತೆಗೆದು, ಸೇರುವಾಗ ಒಬ್ಬೊಬ್ಬ ಬಸುರಿಗೂ ಕೊಡುವ ದಾಖಲಾತಿ ನಂಬರು ಹಾಕಿದಳು. ಹೆರುವುದು ಮಂಚವಲ್ಲ, ಹೆಂಗಸು. ಅವಳು ಮನೆಗೆ ಹೋದ ಕೂಡಲೇ ಅವಳ ಡಬ್ಬಿ ಖಾಲಿ. ಹುಟ್ಟಿದ ಸುದ್ದಿಯೂ ಅರ್ಧ ಗಂಟೆಗೆ ಹಳಸಬೇಕು, ಮತ್ತೆ ಹೋಗಿ ನೋಡಿಯೇ ಹೇಳಬೇಕು. ಏಳನೇ ನಿಯಮದ ಮೇಲೆ ಅಡ್ಡಗೀಟು ಹಾಕಿ ಪುಟವನ್ನು ಮತ್ತೆ ಶುರುಮಾಡಿದಳು. ಗಾರ್ಡು ಮೊಬೈಲು ಒತ್ತಿ ನೋಡಿ ನಿಟ್ಟುಸಿರು ಬಿಟ್ಟರು. "ಈಗ ನೀವೂ ನಿಮ್ಮ ನರ್ಸಮ್ಮನೂ ಸೇರಿಕೊಂಡು ಒಂದೇ ಮಾತು ಹೇಳ್ತಿದೀರಿ. ಆಗ್ಲಿ ಬಿಡಿ, ಇನ್ನೊಂದು ಕುರ್ಚಿ ಹೋಗ್ಲಿ." ಅಷ್ಟು ಹೇಳಿ ಐದನೇ ಮೊಮ್ಮಗನನ್ನು ನೋಡಲು ಹೊರಟರು.

ಮೂರೂಮುಕ್ಕಾಲಿಗೆ ಕೌಂಟರಿನ ಫೋನು ಹೊಡೆದುಕೊಂಡಿತು. ಹೆಡ್ ನರ್ಸು. "ಬೋರ್ಡಕ್ಕ, ಹನ್ನೊಂದು ನಿಮ್ಮನ್ನ ಕರೀತಿದೆ."

ಬೋರ್ಡಕ್ಕ ರಿಸೀವರನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಹೆರಿಗೆ ಕೋಣೆಯಲ್ಲಿ ಮಗಳು ಕೈ ಚಾಚಿದಳು, ಬೋರ್ಡಕ್ಕ ಕೈ ಕೊಟ್ಟಳು. ಆಮೇಲೆ ಒಂದು ಗಂಟೆ ಆ ಕೈಯ ಎಲುಬುಗಳು ಜಜ್ಜಿಹೋದವು. ಯಾರೂ ಎದ್ದು ಓಡಿಹೋಗಲಿಲ್ಲ. ಮಗಳು ಬೆವರಿದಳು, ಹಲ್ಲು ಕಚ್ಚಿದಳು, ನಡುವೆ ಒಮ್ಮೆ ಡಾಕ್ಟರಿಗೇ ಬೈದಳು, ಬೈದು ಕ್ಷಮೆ ಕೇಳಿದಳು. ಕೊನೆಗೆ ಎಲ್ಲಿಂದಲೋ ಒಂದು ಹೊಸ ಅಳು ಕೇಳಿಸಿತು, ಮಗಳು ಕಣ್ಣು ತೆರೆದಳು.

ಅಳಿಯ ಮೆಟ್ಟಿಲ ಬುಡದಲ್ಲಿ ಬನ್ನಿನ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಕಂಬಿ ಹಿಡಿದು ನಿಧಾನವಾಗಿ ಇಳಿಯುತ್ತಿದ್ದ ಅತ್ತೆಯನ್ನು ಕಂಡು ಎರಡು ಮೆಟ್ಟಿಲು ಹತ್ತಿದ. "ಅತ್ತೆ, ಆಯ್ತಾ?"

"ಆಯ್ತು."

"ಅವಳು?"

"ಚೆನ್ನಾಗಿದಾಳೆ. ತುಂಬಾ ಚೆನ್ನಾಗಿದಾಳೆ."

"ಏನು ಮಗು?"

ಬೋರ್ಡಕ್ಕ ಬಾಯಿ ತೆರೆದಳು. ಇಪ್ಪತ್ತಾರು ವರ್ಷದಿಂದ ಗಂಡೋ ಹೆಣ್ಣೋ, ಎಷ್ಟು ಕಿಲೋ ಎಷ್ಟು ಗ್ರಾಂ ಎಂದು ಸಾವಿರಾರು ಜನಕ್ಕೆ ಹೇಳಿದ್ದ ಬಾಯಿ. ಏನೂ ಬರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯಿತು, ಜೊತೆಗೇ ನಗುವೂ ಬಂತು.

"ನೋಡ್ಲೇ ಇಲ್ಲ ಕಣಪ್ಪ," ಅಂದಳು. "ನಾನು ಅವಳ ಮುಖಾನೇ ನೋಡ್ತಿದ್ದೆ."

ಅಳಿಯ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಮೊಬೈಲು ತೆಗೆದು ಒತ್ತಿದ. "ಹೆಣ್ಣು ಮಗು," ಎಂದು ಓದಿದ. "ಎರಡು ಕಿಲೋ ಒಂಬೈನೂರು ಗ್ರಾಂ. ತಾಯಿ ಮಗು ಕ್ಷೇಮ." ತಲೆಯೆತ್ತಿ ಕೇಳಿದ, "ಇದನ್ನ ನಂಬಬಹುದಾ ಅತ್ತೆ?"

"ನಂಬಬಹುದು," ಅಂದಳು ಬೋರ್ಡಕ್ಕ. "ಆದ್ರೂ ಬಾ, ಹೋಗಿ ನೋಡೋಣ."